ಬರಿ ಎಣ್ಣೆಯ ಹನ್ನೆರಡು ಇಲಿಗಳು

ಅರಸೀಕೆರೆಯಲ್ಲಿ ಲತಾಮಣಿ ಎಲ್ಲಿ ಅಂತ ಕೇಳಿದರೆ ಯಾರೂ ಹೇಳಲಾರರು. ಇಲಿ ಲತಕ್ಕ ಎಲ್ಲಿ ಅಂತ ಕೇಳಿ ನೋಡಿ, ಫಾರ್ಮಸಿ ಕಾಲೇಜಿನ ಗೇಟಿನವನಿಂದ ಹಿಡಿದು ಎದುರಿನ ಬೇಕರಿಯವನವರೆಗೆ ಎಲ್ಲರೂ ಒಂದೇ ಕಡೆ ಕೈ ತೋರಿಸುತ್ತಾರೆ. ಜಾವಗಲ್ ರಸ್ತೆಯಲ್ಲಿ ಊರು ಮುಗಿದು ತೆಂಗಿನ ತೋಟ ಶುರುವಾಗುವ ಕಡೆ ಆ ಕಾಲೇಜು. ಅದರ ಬೆನ್ನಿಗೆ, ಕಿಟಕಿಗಳಿಗೆ ಎರಡೆರಡು ಜಾಲರಿ ಬಡಿದ ಒಂದು ಉದ್ದನೆಯ ಕೋಣೆ. ಕಾಗದದ ಮೇಲೆ ಅದು ಅನಿಮಲ್ ಹೌಸ್, ಜನರ ಬಾಯಲ್ಲಿ ಇಲಿಮನೆ. ಅಲ್ಲಿನ ಬಿಳಿ ಇಲಿಗಳಿಗೆ ಮೇವು ಹಾಕಿ, ನೀರಿನ ಬಾಟಲಿ ತುಂಬಿ, ಗೂಡಿನ ಭತ್ತದ ಹೊಟ್ಟು ಬದಲಿಸುತ್ತಾ ಲತಾಮಣಿ ಏಳು ವರ್ಷ ಕಳೆದಿದ್ದಳು.

ಅವಳ ಊರು ಜಾವಗಲ್ಲಿಗೆ ಎರಡು ಮೈಲಿಯ ಹಳ್ಳಿ. ಅಪ್ಪ ಹುಚ್ಚಣ್ಣ ಬೌದ್ಧನಾದ ಮೇಲೆ ಮನೆಯಲ್ಲಿ ಬುದ್ಧನ ಪಟವೂ ಬಂತು, ಮಕ್ಕಳ ಕೈಗೆ ಪುಸ್ತಕವೂ ಬಂತು. ತಮ್ಮ ಭೀಮರಾಜ್ ಓದಿ ಎಂಜಿನಿಯರ್ ಆಗಿ ಮೈಸೂರು ಸೇರಿದ. ಲತಾಮಣಿಯೂ ಪಿಯುಸಿಯಲ್ಲಿ ಸೈನ್ಸ್ ತೆಗೆದುಕೊಂಡು ಪಾಸಾದವಳೇ. ಆದರೆ ಅವಳಿಗೆ ಮೂವತ್ತಾಗಿ, ಒಳ್ಳೆ ಕಡೆಯಿಂದ ಗಂಡು ಬಂದಿದೆ ಅನ್ನುವ ಹೊತ್ತಿಗೆ ಅವ್ವ ಮುನಿಯಮ್ಮನಿಗೆ ಲಕ್ವ ಹೊಡೆಯಿತು. ಯಾರಾದರೂ ಒಬ್ಬರು ನೋಡಿಕೊಳ್ಳಬೇಕಲ್ಲ ಅಂದರು ಎಲ್ಲರೂ. ಅಂದವರೆಲ್ಲ ಅವಳ ಮುಖವನ್ನೇ ನೋಡಿದರು. ಹನ್ನೊಂದು ವರ್ಷ ನೋಡಿಕೊಂಡಳು. ಅವ್ವ ಹೋದಾಗ ಇವಳಿಗೆ ನಲವತ್ತೊಂದು. ಗಂಡಿನ ಕಡೆಯವರು ಅಷ್ಟು ಹೊತ್ತು ಬಾಗಿಲಲ್ಲಿ ನಿಂತಿರುತ್ತಾರೆಯೇ?

ಒಂಟಿತನ ಅಂದರೇನು ಅಂತ ತಿಳಿದವರು ದೊಡ್ಡ ದೊಡ್ಡ ಮಾತು ಹೇಳಬಹುದು. ಲತಾಮಣಿಯನ್ನು ಕೇಳಿದರೆ, ಒಬ್ಬರಿಗೆ ಮುದ್ದೆ ಮಾಡುವುದು ಅನ್ನುತ್ತಾಳೆ. ಒಂದು ಹಿಡಿ ಹಿಟ್ಟಿಗೆ ಕೋಲೇ ನಿಲ್ಲುವುದಿಲ್ಲ, ಗಂಟುಗಂಟಾಗುತ್ತದೆ. ಹಾಗಾಗಿ ರೈಲ್ವೆ ಗೇಟಿನಾಚೆಯ ತನ್ನ ಒಂಟಿ ರೂಮಿನಲ್ಲಿ ಅವಳು ಯಾವಾಗಲೂ ಇಬ್ಬರಿಗೆ ಮಾಡುತ್ತಿದ್ದಳು. ಒಂದು ಮುದ್ದೆ ಆಗಿಂದಾಗ ಉಣ್ಣುವುದು, ಇನ್ನೊಂದನ್ನು ಬೆಳಗ್ಗೆ ಮಜ್ಜಿಗೆಗೆ ಕಿವುಚಿಕೊಂಡು ಕುಡಿಯುವುದು. ಇನ್ನೂ ಒಂದು ಸಂಗತಿ ಇತ್ತು, ಅದನ್ನು ಅವಳು ಯಾರಿಗೂ ಹೇಳುತ್ತಿರಲಿಲ್ಲ. ತಿಂಗಳಿಗೊಮ್ಮೆ ರೇಷನ್ ಅಂಗಡಿಯಲ್ಲಿ ಅವಳ ಹೆಬ್ಬೆಟ್ಟು ಮೆಷಿನ್ನಿಗೆ ಹತ್ತುತ್ತಿರಲಿಲ್ಲ. ಅಂಗಡಿಯ ಲಕ್ಕಪ್ಪ, "ಸರ್ಯಾಗ್ ಒತ್ತಮ್ಮ, ಇಂಗೆ" ಅಂತ ಅವಳ ಬೆರಳು ಹಿಡಿದು ಒತ್ತುತ್ತಿದ್ದ. ತಿಂಗಳೆಲ್ಲ ಸೇರಿ ಇನ್ನೊಬ್ಬ ಮನುಷ್ಯ ಅವಳನ್ನು ಮುಟ್ಟುತ್ತಿದ್ದದ್ದು ಅಷ್ಟೇ. ಹೆಬ್ಬೆಟ್ಟು ಮೊದಲನೇ ಸಲಕ್ಕೇ ಹತ್ತಿಬಿಟ್ಟ ತಿಂಗಳು ಅವಳಿಗೆ ಏನೋ ಕಳೆದುಕೊಂಡ ಹಾಗೆ ಆಗುತ್ತಿತ್ತು.

ಹೋದ ವರ್ಷ ಧನುಶ್ರೀಯ ಪ್ರಯೋಗ ಶುರುವಾದದ್ದು ಇಂಥವಳ ಕೈಕೆಳಗೆ.

ಧನುಶ್ರೀ ಎಂ.ಫಾರ್ಮಾ ಕೊನೆ ವರ್ಷದ ಹುಡುಗಿ. ಹಳೇಬೀಡಿನ ಪಕ್ಕದ ಹುಲಿಕೆರೆಯಿಂದ ದಿನಾ ಬಸ್ಸಿನಲ್ಲಿ ಬರುವವಳು. ಮಾತು ಚುರುಕು, ಕೆಲಸ ಅದಕ್ಕಿಂತ ಚುರುಕು. ಅವಳು ಸರ್ಕಾರದ ಅನುಮತಿ ಪತ್ರದ ಜೊತೆ ಒಂದು ಸಣ್ಣ ಬಾಟಲಿ ತಂದು ಬೀರುವಿಗೆ ಬೀಗ ಹಾಕಿದ ದಿನವೇ ಬೇಕರಿಯಲ್ಲಿ ಸುದ್ದಿಯಾಯಿತು, ಕಾಲೇಜಿನಲ್ಲಿ ಇಲಿಗಳಿಗೆ ಗಾಂಜಾ ಕುಡಿಸುತ್ತಾರಂತೆ ಅಂತ.

"ಗಾಂಜಾ ಗಿಡದ್ದೇ ಅಕ್ಕ, ಆದ್ರೆ ಮತ್ತು ಬರ್ಸೋ ಅಂಶ ಅಲ್ಲ" ಅಂದಳು ಧನುಶ್ರೀ. "ಕ್ಯಾನಬಿಡಿಯಾಲ್ ಅಂತ."

"ಮತ್ತೇ ಇಲ್ದಿದ್ ಮೇಲೆ ಇನ್ನೇನೈತವ್ವ ಅದ್ರಲ್ಲಿ?"

"ಅದನ್ನೇ ನೋಡೋದು. ಮೆದುಳಲ್ಲಿ ನರಗಳು ಬೆಳೆಯೋಕೆ, ಕವಲು ಒಡೆಯೋಕೆ ಒಂದು ಪ್ರೋಟೀನ್ ಬೇಕು. ಬಿಡಿಎನ್‌ಎಫ್ ಅಂತಾರೆ. ಗಿಡಕ್ಕೆ ಗೊಬ್ಬರ ಇದ್ದಂಗೆ ಅಂದ್ಕೊಳ್ಳಿ. ಇಲಿನ ಒಂಟಿಯಾಗಿ ಇಟ್ರೆ ಅದು ಕಮ್ಮಿ ಆಗುತ್ತೆ. ಈ ಔಷಧಿ ಕೊಟ್ರೆ ಮತ್ತೆ ಏರುತ್ತಾ ಅಂತ ನೋಡ್ಬೇಕು. ಕೆಲವರು ಏರುತ್ತೆ ಅಂತಾರೆ, ಕೆಲವರು ಏನೂ ಆಗಲ್ಲ ಅಂತಾರೆ."

ಲತಾಮಣಿ ಹೊಟ್ಟು ತುಂಬುತ್ತಿದ್ದ ಕೈ ನಿಲ್ಲಿಸಿದಳು. "ಒಂಟಿಯಾಗಿಟ್ರೆ ಕಮ್ಮಿಯಾಗ್ತದಾ?"

"ಹ್ಞೂಂ."

"ಮನುಷ್ಯರಿಗೂವಾ?"

ಧನುಶ್ರೀ ಬಾಟಲಿಯ ಮೇಲಿನ ಚೀಟಿ ಓದುತ್ತಿದ್ದಳು. "ಮನುಷ್ಯರ ಮೆದುಳು ತೆಗೆದು ನೋಡೋಕಾಗಲ್ವಲ್ಲ ಅಕ್ಕ" ಅಂದು ನಕ್ಕಳು. ಲತಾಮಣಿಯೂ ನಕ್ಕಳು.

ಇಪ್ಪತ್ನಾಲ್ಕು ಇಲಿ, ಇಪ್ಪತ್ನಾಲ್ಕು ಗೂಡು. ಒಂದಕ್ಕೊಂದು ಕಾಣದಂತೆ ನಡುನಡುವೆ ರಟ್ಟು. ಹನ್ನೆರಡು ಗೂಡಿಗೆ ಕೆಂಪು ಚೀಟಿ, ಹನ್ನೆರಡಕ್ಕೆ ನೀಲಿ. ಧನುಶ್ರೀ ಬೆಳಗ್ಗೆ ಹತ್ತಕ್ಕೆ ಬಂದು ಸಣ್ಣ ಬಾಗಿದ ನಳಿಗೆಯಿಂದ ಒಂದೊಂದರ ಬಾಯಿಗೂ ಹನಿ ಹಾಕುತ್ತಿದ್ದಳು. ಕೆಂಪು ಚೀಟಿಯವಕ್ಕೆ ಎಳ್ಳೆಣ್ಣೆಯಲ್ಲಿ ಕಲಸಿದ ಔಷಧಿ, ನೀಲಿ ಚೀಟಿಯವಕ್ಕೆ ಬರಿ ಎಳ್ಳೆಣ್ಣೆ. ಆರು ವಾರ ಹೀಗೆ. ಕೊನೆಗೆ ಎಲ್ಲದರ ಮೆದುಳು ತೆಗೆದು ಗೊಬ್ಬರ ಎಷ್ಟಿದೆ ಅಂತ ಅಳೆಯುವುದು. ಮೇವು ನೀರು ಬಿಟ್ಟರೆ ಲತಕ್ಕ ಅವುಗಳನ್ನು ಮುಟ್ಟಬಾರದು, ಮಾತಾಡಿಸಬಾರದು. ಧನುಶ್ರೀ ಇದನ್ನು ಎರಡೆರಡು ಸಲ ಹೇಳಿದಳು, ಲತಾಮಣಿ ಎರಡು ಸಲವೂ ಆಯಿತು ಅಂದಳು.

ಸಾಯುವುದರ ಬಗ್ಗೆ ಅವಳ ತಕರಾರಿರಲಿಲ್ಲ. ಇಲಿಮನೆಯಲ್ಲಿ ಏಳು ವರ್ಷ ಇದ್ದವಳಿಗೆ ಅದು ಗೊತ್ತಿದ್ದದ್ದೇ. ಅವಳ ಗಂಟಲಲ್ಲಿ ಸಿಕ್ಕಿಕೊಂಡದ್ದು ಆ ನೀಲಿ ಚೀಟಿ.

ಅವಳಿಗೆ ಒಂಬತ್ತು ವರ್ಷವಿದ್ದಾಗ ಊರಿನ ದೊಡ್ಡ ಮನೆಯಲ್ಲಿ ಮದುವೆ. ಚಪ್ಪರದೊಳಗೆ ಒಂದು ಸಾಲು, ಹೊರಗೆ ಕೊಟ್ಟಿಗೆ ಮಗ್ಗುಲಲ್ಲಿ ಇವರದ್ದೊಂದು ಸಾಲು. ಒಳಗಿನ ಪಾಯಸ ಹೊರಗೆ ಬರುವಷ್ಟರಲ್ಲಿ ನೀರಾಗಿತ್ತು. ಹುಚ್ಚಣ್ಣ ಬೆರಳಲ್ಲಿ ಅದ್ದಿ ನೋಡಿದ, ಎಲೆ ಮಡಿಚಿದ, ಎದ್ದು ನಿಂತ. "ಸಾಲು ಅಂದ್ಮೇಲೆ ಎಲ್ರಿಗೂ ಒಂದೇ ಸೌಟು. ಇಲ್ದಿದ್ರೆ ಎದ್ದೇಳ್ರಿ" ಅಂದ. ಹಸಿದ ಹೊಟ್ಟೆಯಲ್ಲಿ ಮನೆವರೆಗೆ ನಡೆದರು. ಮರುವರ್ಷವೇ ಅವನು ಬೌದ್ಧನಾದ. ಆ ದಿನದಿಂದ ಲತಾಮಣಿಗೆ ಪಂಕ್ತಿಭೇದ ಅನ್ನುವುದು ಎಲ್ಲಿ ಕಂಡರೂ, ಯಾರಿಗೆ ಆದರೂ, ತುತ್ತು ಒಳಗಿಳಿಯದು. ಇಲಿಗಳಿಗಾದರೆ ಇಳಿಯುತ್ತದೆಯೇ? ಒಂದೇ ಸಾಲು, ಒಂದೇ ಕಷ್ಟ, ಆ ಹನ್ನೆರಡಕ್ಕೆ ಔಷಧಿ, ಈ ಹನ್ನೆರಡಕ್ಕೆ ಬರಿ ಎಣ್ಣೆ. ಪ್ರಯೋಗ ಅಂದರೆ ಹಾಗೇ ಅಂತ ಅವಳ ತಲೆಗೆ ಗೊತ್ತಿತ್ತು. ಹೊಟ್ಟೆಗೆ ಗೊತ್ತಾಗಲಿಲ್ಲ.

ಎಂಟು ದಿನ ತಡೆದಳು. ಒಂಬತ್ತನೇ ದಿನ ನೀಲಿ ಚೀಟಿಯ ಏಳನೇ ಗೂಡಿನ ಇಲಿ ಮೂಲೆಗೆ ಮೂತಿ ಒತ್ತಿಕೊಂಡು ಕೂತಿತ್ತು. ಮೇವು ಹಾಕಿದರೂ ತಿರುಗಲಿಲ್ಲ. ಅವ್ವನೂ ಕೊನೆಕೊನೆಗೆ ಹೀಗೇ ಗೋಡೆ ಕಡೆ ತಿರುಗಿಕೊಂಡಿದ್ದಳು. ಲತಾಮಣಿ ಮುಚ್ಚಳ ತೆಗೆದು ಅದನ್ನು ಎತ್ತಿ ಮಡಿಲಿಗೆ ಹಾಕಿಕೊಂಡಳು. ಎಡಗೈ ಬೊಗಸೆ ಮಾಡಿ ಕೂರಿಸಿ, ಬಲಗೈ ಹೆಬ್ಬೆರಳನ್ನು ಕಿವಿಯ ಹಿಂದಿನಿಂದ ಬೆನ್ನಿನ ತನಕ ನಿಧಾನವಾಗಿ ಎಳೆದಳು, ಮತ್ತೆ ಎಳೆದಳು. ನಿದ್ದೆ ಬಾರದ ಅವ್ವನಿಗೆ ಹನ್ನೊಂದು ವರ್ಷ ಹಾಗೇ ಮಾಡಿದ್ದಳು. ಕೈ ಮರೆತಿರಲಿಲ್ಲ. ಸ್ವಲ್ಪ ಹೊತ್ತಿಗೆ ಇಲಿ ಮೈ ಸಡಿಲ ಬಿಟ್ಟು ಅವಳ ಅಂಗೈಯಲ್ಲೇ ಕಣ್ಣು ಮುಚ್ಚಿತು. ಅವ್ವ ಹೋದ ಮೇಲೆ ಅವಳ ಮಡಿಲಿಗೆ ಬಂದ ಮೊದಲ ಬಿಸಿ ಅದು.

ಒಂದಕ್ಕೆ ಮಾಡಿ ಹನ್ನೊಂದಕ್ಕೆ ಬಿಟ್ಟರೆ ಅದೂ ಪಂಕ್ತಿಭೇದವೇ. ಹಾಗಾಗಿ ಅವತ್ತಿನಿಂದ ನೀಲಿ ಚೀಟಿಯ ಹನ್ನೆರಡಕ್ಕೂ ದಿನಾ ಹತ್ತತ್ತು ನಿಮಿಷ, ಗೋಡೆ ಗಡಿಯಾರ ನೋಡಿಕೊಂಡು, ಒಂದಕ್ಕೂ ಒಂದು ನಿಮಿಷ ಹೆಚ್ಚಿಲ್ಲ, ಕಮ್ಮಿಯಿಲ್ಲ. ಮಧ್ಯಾಹ್ನ ಧನುಶ್ರೀ ಲ್ಯಾಬಿಗೆ ಹೋದ ಮೇಲೆ ಎರಡು ಗಂಟೆ ಕಾಲ ಇದೇ ಕೆಲಸ. ಅವಕ್ಕೆ ಔಷಧಿ ಐತೆ, ನಿಮಗೆ ನಾನಿವ್ನಿ, ಅನ್ನುತ್ತಿದ್ದಳು. ಆಮೇಲೆ ಮಾತೂ ಬೆಳೆಯಿತು. ಭೀಮರಾಜನ ಹೆಂಡತಿ ಫೋನ್ ಇಡುವ ಅವಸರ, ಲಕ್ಕಪ್ಪನ ಮೆಷಿನ್ನು, ಅವತ್ತಿನ ಸಾರಿಗೆ ಉಪ್ಪು ಹೆಚ್ಚಾದದ್ದು, ಎಲ್ಲವನ್ನೂ ಹೇಳಿದಳು. ಇಲಿಗಳು ಕೇಳಿದವು, ಯಾರಿಗೂ ಹೇಳಲಿಲ್ಲ. ಆ ಐದು ವಾರ ಅವಳು ಸುಖವಾಗಿದ್ದಳು. ಇದನ್ನು ಮುಚ್ಚಿಡುವುದೇಕೆ?

ಮೆದುಳು ತೆಗೆಯುವ ದಿನ ಜ್ವರ ಅಂತ ಹೇಳಿ ರೂಮಿನಲ್ಲೇ ಉಳಿದಳು. ಹಿಂದೆ ಯಾವ ಪ್ರಯೋಗಕ್ಕೂ ಅವಳು ಹಾಗೆ ಮಾಡಿದ್ದಿಲ್ಲ. ಮರುದಿನ ಬಂದು ಖಾಲಿ ಗೂಡು ತೊಳೆದು ಬಿಸಿಲಿಗಿಟ್ಟಳು. ನೀಲಿ ಚೀಟಿಗಳನ್ನು ಕಿತ್ತು ಎಸೆಯಲು ಮನಸ್ಸಾಗದೆ ಸೆರಗಿನ ಗಂಟಿಗೆ ಕಟ್ಟಿಕೊಂಡಳು.

ವಾರದ ಮೇಲೆ ಅಳತೆ ನಡೆಯಿತು. ಸಣ್ಣ ಸಣ್ಣ ಗುಳಿಗಳಿರುವ ಒಂದು ಪ್ಲಾಸ್ಟಿಕ್ ತಟ್ಟೆ, ಒಂದೊಂದು ಇಲಿಗೆ ಒಂದೊಂದು ಗುಳಿ. ಗೊಬ್ಬರ ಹೆಚ್ಚಿದ್ದಷ್ಟೂ ಗುಳಿಯ ನೀರು ಹೆಚ್ಚು ಹಳದಿಯಾಗುತ್ತದೆ ಅಂತ ಧನುಶ್ರೀ ಹೇಳಿದ್ದಳು. ಗಾಜಿನ ಪಾತ್ರೆ ತೊಳೆಯುವ ನೆಪದಲ್ಲಿ ಲತಾಮಣಿ ಹತ್ತಿರ ಹೋಗಿ ಬಗ್ಗಿ ನೋಡಿದಳು. ಮೇಲಿನ ಸಾಲು ಕೆಂಪು ಚೀಟಿಯವರದ್ದು, ಕೆಳಗಿನ ಸಾಲು ನೀಲಿಯವರದ್ದು. ಎರಡೂ ಸಾಲು ಒಂದೇ ಹಳದಿ. ಅಪ್ಪ ಇದ್ದಿದ್ದರೆ ತೋರಿಸುತ್ತಿದ್ದೆ ಅಂದುಕೊಂಡಳು. ಸಂತೋಷ ಹೇಳಿಕೊಳ್ಳೋಣ ಅಂತ ತಲೆ ಎತ್ತಿದರೆ, ಧನುಶ್ರೀ ಮೇಜಿಗೆ ಹಣೆ ಕೊಟ್ಟು ಅಳುತ್ತಿದ್ದಳು.

ಧನುಶ್ರೀಯ ಗೈಡು ಷಡಕ್ಷರಪ್ಪನವರು ಕೆಟ್ಟವರಲ್ಲ, ಆದರೆ ಅವರ ನಾಲಿಗೆಗೆ ಮೂಳೆಯಿಲ್ಲ. "ಬೆಟ್ಟ ಅಗೆದು ಇಲಿ ಹಿಡಿಯೋರನ್ನ ನೋಡಿದ್ದೆ. ನೀನು ಇಲಿ ಕೈಲಿಟ್ಕೊಂಡೇ ಹೊರಟು ಬರಿಗೈಲಿ ಬಂದೆಯಲ್ಲಮ್ಮ" ಅಂದರು. "ಒಂಟಿಯಾಗಿಟ್ಟು ಬರಿ ಎಣ್ಣೆ ಕೊಟ್ಟ ಇಲೀಲಿ ಇಷ್ಟು ಬರೋಕೆ ಸಾಧ್ಯ ಇಲ್ಲ. ಎರಡು ಗುಂಪಿಗೂ ಒಂದೇ ಬಾಟ್ಲಿಯಿಂದ ಕೊಟ್ಟಿದ್ದೀಯ. ಅಜಾಗರೂಕತೆ ಅಂತಲೇ ಬರೀಬೇಕಾಗುತ್ತೆ."

"ಇಲ್ಲ ಸಾರ್, ನಾನು ದಿನಾ ಎರಡು ಸಲ ನೋಡ್ತಿದ್ದೆ."

"ಹಾಗಾದ್ರೆ ಗೂಡಿಗೆ ಯಾರಾದ್ರೂ ಕೈ ಹಾಕಿದ್ರಾ?"

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಅನ್ನುತ್ತಾರೆ. ಬಾಗಿಲ ಬಳಿ ನಿಂತಿದ್ದ ಲತಾಮಣಿ ತನ್ನ ಕೈ ಎರಡನ್ನೂ ಸೆರಗಿನೊಳಗೆ ಎಳೆದುಕೊಂಡಳು. ಯಾರೂ ಅವಳ ಕಡೆ ನೋಡುತ್ತಿರಲಿಲ್ಲ.

"ಲತಕ್ಕ ಒಬ್ರೇ ಸಾರ್ ಇದ್ದದ್ದು" ಅಂದಳು ಧನುಶ್ರೀ. "ಅವರು ಹಾಗೆಲ್ಲ ಮಾಡೋರಲ್ಲ."

ಆ ಮಾತು ಕೇಳಿದ ಮೇಲೆ ಮೂರು ದಿನ ಅವಳಿಗೆ ಮುದ್ದೆ ಸೇರಲಿಲ್ಲ. ಬಾಯಿ ಬಿಟ್ಟರೆ ಇಲಿಮನೆ ಹೋಗುತ್ತದೆ. ಇಲಿಮನೆ ಹೋದರೆ ಅವಳಿಗೆ ಏನು ಉಳಿಯಿತು? ಸಂಬಳದ ಮಾತಲ್ಲ, ಕೈಯ ಮಾತು. ಬಾಯಿ ಬಿಡದಿದ್ದರೆ ಆ ಹುಡುಗಿಯ ಹೆಸರಿಗೆ ಅವಳು ಮಾಡದ ತಪ್ಪು ಅಂಟುತ್ತದೆ. ಅದರ ಮೇಲೆ, ಗುಣವಿರಬಹುದಾದ ಔಷಧಿಗೆ ಗುಣವಿಲ್ಲ ಅಂತ ಬರೆದುಬಿಡುತ್ತಾರೆ. ಭೀಮರಾಜನಿಗೆ ಫೋನ್ ಮಾಡಿದಳು. ಅವನು ಪೂರ್ತಿ ಕೇಳಿಸಿಕೊಳ್ಳದೆ, "ಇಲಿ ವಿಷ್ಯಕ್ಕೆ ಯಾಕಕ್ಕ ತಲೆ ಕೆಡಿಸ್ಕೋತೀಯ, ಸುಮ್ನಿರು" ಅಂದ. ಆಮೇಲೆ ಮೀಟಿಂಗ್ ಇದೆ ಅಂತ ಇಟ್ಟುಬಿಟ್ಟ.

ನಾಲ್ಕನೇ ದಿನ ಬೆಳಗ್ಗೆ ಹಳೇಬೀಡು ಬಸ್ಸು ಬರುವ ಹೊತ್ತಿಗೆ ಅವಳು ಕಾಲೇಜಿನ ಸ್ಟಾಪಿನಲ್ಲಿ ನಿಂತಿದ್ದಳು. ಧನುಶ್ರೀ ಇಳಿದಳು. ಬಸ್ಸಿನ ಧೂಳು ಅಡಗುವುದಕ್ಕೂ ಕಾಯಲಿಲ್ಲ ಲತಾಮಣಿ.

"ಬಾಟ್ಲಿ ಬದ್ಲಾಗಿಲ್ಲ ಕಣವ್ವ. ನಾನು ಮುಟ್ಟಿವ್ನಿ. ನೀಲಿ ಚೀಟಿಯವನ್ನ. ದಿನಾ ಹತ್ತ್ ಹತ್ತ್ ನಿಮಿಷ ಮಡ್ಲಲ್ಲಿ ಇಟ್ಕೊಂಡು ಸವರ್ತಿದ್ದೆ. ಆ ಸಾಲಿಗೆ ಏನೂ ಇರ್ಲಿಲ್ವಲ್ಲ, ಅದಕ್ಕೆ."

ಅರ್ಥವಾಗುತ್ತಾ ಹೋದ ಹಾಗೆ ಧನುಶ್ರೀಯ ಮುಖ ಬಿಳಿಚಿಕೊಂಡಿತು.

"ಒಂದು ವರ್ಷ ಅಕ್ಕ. ನಂದು ಹೋಗ್ಲಿ. ಇಪ್ಪತ್ನಾಲ್ಕು ಪ್ರಾಣ. ಅವೆಲ್ಲ ಸುಮ್ನೆ ಸತ್ವು, ಗೊತ್ತಾ ನಿಮಗೆ?"

ಬೈದಿದ್ದರೆ ಲತಾಮಣಿ ತಡೆದುಕೊಳ್ಳುತ್ತಿದ್ದಳು. ಹುಡುಗಿ ಅವಳನ್ನು ದಾಟಿಕೊಂಡು ಗೇಟಿನೊಳಗೆ ಹೋದಳು. ಆಮೇಲೆ ನಾಲ್ಕು ತಿಂಗಳು ಮಾತಾಡಲಿಲ್ಲ.

ವಿಷಯ ತಿಳಿದ ಮೇಲೂ ಷಡಕ್ಷರಪ್ಪನವರು ಲತಾಮಣಿಯನ್ನು ಕೆಲಸದಿಂದ ತೆಗೆಯಲಿಲ್ಲ, ಅದು ಅವರ ದೊಡ್ಡತನ. ಲೈಬ್ರರಿಗೆ ಹಾಕಿದರು, ಪುಸ್ತಕ ಒರೆಸುವುದಕ್ಕೆ. ಇಲಿಮನೆಗೆ ದೇವೀರಪ್ಪ ಬಂದ. ಮುಟ್ಟು ಅಂತ ಕಾಲು ಹಿಡಿದರೂ ಇಲಿ ಮುಟ್ಟದ ಆಸಾಮಿ. ಧನುಶ್ರೀಗೆ ಆರು ತಿಂಗಳ ಗಡುವು ಸಿಕ್ಕಿತು. ಹೊಸ ಇಪ್ಪತ್ನಾಲ್ಕು ಇಲಿ ಬಂದವು, ಕೆಂಪು ಚೀಟಿ, ನೀಲಿ ಚೀಟಿ, ನಡುವೆ ರಟ್ಟು, ಎಲ್ಲ ಮೊದಲಿನ ಹಾಗೇ.

ಲೈಬ್ರರಿಯಲ್ಲಿ ಮಾತಾಡಬಾರದು ಅಂತ ಬೋರ್ಡು ಹಾಕಿದ್ದರು. ಲತಾಮಣಿಗೆ ಆ ಬೋರ್ಡಿನ ಅಗತ್ಯವಿರಲಿಲ್ಲ. ಪುಸ್ತಕ ಎಷ್ಟು ಒರೆಸಿದರೂ ಬೆಚ್ಚಗಾಗುವ ವಸ್ತುವಲ್ಲ. ಊಟದ ಹೊತ್ತಿಗೆ ಇಲಿಮನೆಯ ಹಿಂದಿನ ದಾರಿಯಲ್ಲಿ ಹೋಗುತ್ತಾ ಜಾಲರಿಯ ಹತ್ತಿರ ಒಂದು ಕ್ಷಣ ನಿಲ್ಲುತ್ತಿದ್ದಳು. ಒಳಗೆ ಹೊಟ್ಟು ಕೆದಕುವ ಸದ್ದು ಕೇಳಿಸುತ್ತಿತ್ತು. ಅವಳು ಕಿಟಕಿಗೆ ಕೈಯನ್ನೂ ಊರಲಿಲ್ಲ, ಒಂದು ಮಾತನ್ನೂ ಆಡಲಿಲ್ಲ. ಆ ಇಲಿಗಳೂ ಸುಮ್ಮನೆ ಸಾಯಬಾರದು ಅನ್ನುವುದೊಂದೇ ಅವಳ ತಲೆಯಲ್ಲಿತ್ತು. ನಿಂತು, ಕೇಳಿ, ಹೋಗಿ ಮೆಟ್ಟಿಲ ಮೇಲೆ ಡಬ್ಬಿ ಬಿಚ್ಚುತ್ತಿದ್ದಳು. ಆ ನಡುವೆ ಲಕ್ಕಪ್ಪನ ಅಂಗಡಿಗೆ ಹೊಸ ಮೆಷಿನ್ ಬಂತು. ಕಣ್ಣು ತೋರಿಸಿದರೆ ಸಾಕು, ಬೆರಳು ಒತ್ತುವ ಕೆಲಸವೇ ತಪ್ಪಿತು. ಜನರೆಲ್ಲ ಅನುಕೂಲವಾಯಿತು ಅಂದರು.

ಮಾರ್ಚಿನ ಒಂದು ಮಧ್ಯಾಹ್ನ ಧನುಶ್ರೀ ಲೈಬ್ರರಿಗೆ ಬಂದಳು. ಪರೀಕ್ಷೆಯ ರಜೆ, ಒಳಗೆ ಇನ್ಯಾರೂ ಇರಲಿಲ್ಲ. ನೇರ ಲತಾಮಣಿಯ ಎದುರಿನ ಕುರ್ಚಿ ಎಳೆದು ಕೂತು ಒಂದು ಹಾಳೆ ಮುಂದಿಟ್ಟಳು.

"ಬಂತು ಅಕ್ಕ. ನೀಲಿಯವು ತುಂಬಾ ಕೆಳಗೆ. ಕೆಂಪಿನವು ಒಂಚೂರು ಮೇಲೆ. ಆಹಾ ಓಹೋ ಅನ್ನೋ ಹಾಗಿಲ್ಲ, ಆದ್ರೆ ಇದೆ."

"ನಿಂಗೆ ಒಳ್ಳೇದಾಯ್ತಲ್ಲವ್ವ, ಸಾಕು." ಹೇಳಿದ ಮೇಲೆ ಅವಳ ಕಣ್ಣು ಹಾಳೆಯ ನೀಲಿ ಗೆರೆಯ ಮೇಲೆಯೇ ನಿಂತಿತು. ನೆಲಕ್ಕೆ ಅಂಟಿದ ಹಾಗಿದ್ದ ಗೆರೆ. "ಒಂಟಿಯಾಗಿದ್ದಕ್ಕೇ ಇಷ್ಟು ಕಮ್ಮಿಯಾ?"

"ಅದಕ್ಕೇ." ಧನುಶ್ರೀ ಈ ಸಲ ನಗಲಿಲ್ಲ. "ನಿಮ್ಮ ಹಳೇ ನೀಲಿಯವು ಔಷಧಿ ಇಲ್ದೆನೇ ಈ ಕೆಂಪಿನವುಗಳಷ್ಟು ಮೇಲಿದ್ವು. ಅದನ್ನೂ ಇದನ್ನೂ ಪಕ್ಕದಲ್ಲಿಟ್ಟು ನೋಡೋ ಹಾಗಿಲ್ಲ ಅಂತಾರೆ ಸಾರ್. ಸರಿನೇ. ಅದಕ್ಕೆ ಮೂರನೇ ಗುಂಪು ಇಡೋಣ ಅಂದೆ. ಔಷಧಿ ಇಲ್ಲ, ಬರೀ ಕೈ. ಒಪ್ಪಿದ್ರು. ದೇವೀರಪ್ಪನವರಿಗೆ ಹಿಡ್ಕೊಳ್ಳಿ ಅಂದ್ರೆ ಗ್ಲೌಸ್ ಮೇಲೆ ಗ್ಲೌಸ್ ಹಾಕ್ಕೊಂಡು ಬಂದ್ರು. ಇಲಿ ಹೆದರಿಕೊಂಡಿತು, ಇಲಿಗಿಂತ ಅವರು ಹೆದರಿಕೊಂಡ್ರು."

ಲತಾಮಣಿಗೆ ನಗು ಬಂತು. ಎಷ್ಟೋ ದಿನದ ಮೇಲೆ ಬಂದ ನಗು.

"ಹೇಗೆ ಹಿಡಿಯೋದು, ಎಲ್ಲಿಂದ ಎಲ್ಲಿಗೆ ಸವರೋದು, ಎಷ್ಟು ಹೊತ್ತು, ಎಲ್ಲ ಬರೀಬೇಕು. ನೀವು ತೋರಿಸ್ಬೇಕು ಅಕ್ಕ."

"ಇಲಿ ಎಲ್ಲೈತವ್ವ ಇಲ್ಲಿ?"

ಧನುಶ್ರೀ ಫೋನಿನ ಗಡಿಯಾರ ಒತ್ತಿ ಮೇಜಿನ ಮೇಲಿಟ್ಟಳು. ಆಮೇಲೆ ಎಡಗೈ ಮುಷ್ಟಿ ಕಟ್ಟಿ ಮುಂದೆ ಚಾಚಿದಳು. "ಇದೇ ಇಲಿ ಅಂದ್ಕೊಳ್ಳಿ."

ಲತಾಮಣಿ ಒರೆಸುವ ಬಟ್ಟೆ ಕೆಳಗಿಟ್ಟು ಕೈಯನ್ನು ಸೆರಗಿಗೆ ಉಜ್ಜಿಕೊಂಡಳು. ಮುಷ್ಟಿಯನ್ನು ಎಡಗೈ ಬೊಗಸೆಯಲ್ಲಿ ತೆಗೆದುಕೊಂಡು ಮಡಿಲಲ್ಲಿ ಇಟ್ಟುಕೊಂಡಳು. ಬಲಗೈ ಹೆಬ್ಬೆರಳನ್ನು ಗೆಣ್ಣುಗಳ ಹಿಂದಿನಿಂದ ಮಣಿಕಟ್ಟಿನ ತನಕ ಎಳೆದಳು. "ಒತ್ತಬಾರ್ದು. ಬರಿ ತೂಕ ಬಿಡ್ಬೇಕು. ಉಸಿರು ಬಿಟ್ಟಾಗ ಎಳೀಬೇಕು, ತಗೊಂಡಾಗ ಸುಮ್ನಿರ್ಬೇಕು" ಅಂತ ಹೇಳುತ್ತಾ ಹೋದಳು. ಧನುಶ್ರೀ ಬಲಗೈಯಲ್ಲಿ ಬರೆದುಕೊಳ್ಳುತ್ತಿದ್ದಳು. ಕೈ ಬಿಸಿಯಿತ್ತು. ಇಲಿಯಷ್ಟು ಸಣ್ಣ ಬಿಸಿಯಲ್ಲ, ಮಡಿಲು ತುಂಬುವ ಬಿಸಿ. ಅವ್ವನ ಹಣೆ ಬಿಟ್ಟರೆ ಇಂಥದ್ದು ತನ್ನ ಕೈಗೆ ಸಿಕ್ಕಿರಲಿಲ್ಲ ಅನ್ನುವುದು ಅವಳಿಗೆ ತಟ್ಟನೆ ಹೊಳೆಯಿತು. ಹೆಬ್ಬೆರಳು ನಿಂತಿತು. ಮುಖ ತಿರುಗಿಸಿಕೊಂಡು, ಮುಷ್ಟಿಯನ್ನು ಬಿಡಲು ಹೋದಳು.

"ಇಷ್ಟೇ ಕಣವ್ವ" ಅಂದಳು.

ಧನುಶ್ರೀ ಬರೆಯುವುದನ್ನು ನಿಲ್ಲಿಸಿದಳು. ಅವಳ ಮುಖ ನೋಡಿದಳು, ಆಮೇಲೆ ಫೋನ್ ನೋಡಿದಳು. ಕೈಯನ್ನು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ.

"ಹತ್ತು ನಿಮಿಷ ಅಂದಿದ್ರಿ ಅಕ್ಕ. ಇನ್ನೂ ನಾಲ್ಕೇ ಆಗಿರೋದು."

ಲತಾಮಣಿ ಮತ್ತೆ ಹೆಬ್ಬೆರಳು ಆಡಿಸಿದಳು.